ಸ್ಪಿರುಲಿನಾ ಹಾಕಿದ ಮೊಸರು: ಪಾಚಿ, ಶೈವಲ, ಹೆಪ್ಪು, ಪ್ರೋಬಯೋಟಿಕ್

ಬಳಗದ ಎಲ್ಲರಿಗೂ ಶರಣು.

ಕಲಬುರಗಿ ಸುತ್ತಿನ ಹಾಲಿನ ಸಂಘಗಳ ಹೆಣ್ಣುಮಕ್ಕಳಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಮೊಸರು, ಮಜ್ಜಿಗೆಗೆ ಸ್ಪಿರುಲಿನಾ, ಕ್ಲೋರೆಲ್ಲಾದಂಥ ಮೈಕ್ರೋಆಲ್ಗೆಗಳನ್ನು (ನೀರಿನಲ್ಲಿ ಬೆಳೆಯುವ ಅತಿ ಸಣ್ಣ ಹಸಿರು ಜೀವಿಗಳನ್ನು) ಪ್ರೋಬಯೋಟಿಕ್, ಅಂದರೆ ಆರೋಗ್ಯಕ್ಕೆ ಒಳಿತು ಮಾಡುವ ಜೀವಂತ ಬ್ಯಾಕ್ಟೀರಿಯಾ ಜೊತೆ ಸೇರಿಸುವ ವಿಷಯ. ಕೆಲವು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಮೈಕ್ರೋಆಲ್ಗೆಗೆ ಪಠ್ಯಪುಸ್ತಕದಲ್ಲಿ 'ಸೂಕ್ಷ್ಮ ಶೈವಲ' ಇದೆ. ಬೀದರ್ ಕಡೆ ಮರಾಠಿ ಬಲ್ಲವರಿಗೆ 'ಶೇವಾಳ' ಗೊತ್ತು, ಹಾಗಾಗಿ ಅವರಿಗೆ ಶೈವಲ ಹೊಸದಲ್ಲ. ಉಳಿದವರಿಗೆ ಅದು ಪರೀಕ್ಷೆಗೆ ಓದಿದ ಪದ. 'ಪಾಚಿ' ಎಲ್ಲರಿಗೂ ಗೊತ್ತು, ತೊಂದರೆಯೂ ಅಲ್ಲೇ. ಬಾವಿಯ ಮೆಟ್ಟಿಲ ಮೇಲೆ ಕಾಲು ಜಾರಿಸುವುದನ್ನು ಮೊಸರಿಗೆ ಹಾಕಿ ಅಂದರೆ ಯಾರು ಬಟ್ಟಲು ಮುಂದೆ ಹಿಡಿದಾರು? ಭತ್ತ ಬೆಳೆಯುವವರಿಗೆ 'ನೀಲಿ ಹಸಿರು ಪಾಚಿ' ಪರಿಚಯ, ಆದರೆ ಗೊಬ್ಬರವಾಗಿ. ಅದು ಇನ್ನೂ ಕಷ್ಟ! ಮೇಲಾಗಿ ಸ್ಪಿರುಲಿನಾ ನಿಜಕ್ಕೂ ಪಾಚಿಯಲ್ಲ, ಬಿಸಿಲು ಕುಡಿದು ಬೆಳೆಯುವ ಬ್ಯಾಕ್ಟೀರಿಯಾ. ಕ್ಲೋರೆಲ್ಲಾ ಮಾತ್ರ ಅಸಲಿ ಹಸಿರು ಪಾಚಿ. ಹೆಸರು ಹಿಡಿದೇ ಕರೆದು, ಒಟ್ಟಾಗಿ ಹೇಳುವಾಗಷ್ಟೇ 'ಸೂಕ್ಷ್ಮ ಪಾಚಿ' ಅನ್ನೋಣ ಅಂತ ನನ್ನ ಮನಸ್ಸು.

ಪ್ರೋಬಯೋಟಿಕ್‌ಗೆ 'ಹೆಪ್ಪು' ಅಂದುಬಿಡಿ, ಮುಗೀತಲ್ಲ ಎಂದರು ಗೆಳೆಯರೊಬ್ಬರು. ಕೇಳಲು ಚೆಂದ, ಒಪ್ಪಲು ಆಗದು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಸಂಸ್ಥೆ ಸೇರಿಸಿದ ತಜ್ಞರು 2001ರಲ್ಲಿ ಹೇಳಿದ ಪ್ರಕಾರ ಪ್ರೋಬಯೋಟಿಕ್‌ಗಳು ಜೀವಂತ ಸೂಕ್ಷ್ಮಾಣುಗಳಾಗಿರಬೇಕು, ಸಾಕಷ್ಟು ಪ್ರಮಾಣದಲ್ಲಿ ಹೊಟ್ಟೆಗೆ ಹೋಗಬೇಕು, ಅದರಿಂದ ಆರೋಗ್ಯಕ್ಕೆ ಒಳಿತಾಗಬೇಕು. ಹೆಪ್ಪಿನ ಕೆಲಸ ಹಾಲನ್ನು ಮೊಸರು ಮಾಡುವುದು. ಮನೆ ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾ ಮನೆಯಿಂದ ಮನೆಗೆ ಬೇರೆ. ಜಠರದ ಹುಳಿ ದಾಟಿ ಕರುಳಿನವರೆಗೆ ಎಲ್ಲವೂ ಬದುಕುವುದಿಲ್ಲ. ಅದಕ್ಕೇ ಡೈರಿಯಲ್ಲಿ ಹೆಪ್ಪಿನ ಜೊತೆ ಲ್ಯಾಕ್ಟೋಬ್ಯಾಸಿಲಸ್ ಅಸಿಡೋಫಿಲಸ್, ಬೈಫಿಡೋಬ್ಯಾಕ್ಟೀರಿಯಾ ಇಂಥವನ್ನು ಬೇರೆಯಾಗಿ ಸೇರಿಸುತ್ತಾರೆ. ಫ್ರಿಜ್‌ನಲ್ಲಿ ದಿನ ಕಳೆದಂತೆ ಇವು ಸಾಯುತ್ತಾ ಹೋಗುತ್ತವೆ. ಸ್ಪಿರುಲಿನಾದ ಅಮೈನೋ ಆಮ್ಲ, ವಿಟಮಿನ್ ಸಿಕ್ಕರೆ ಹೆಚ್ಚು ಉಳಿಯುತ್ತವೆ ಎಂದು ಹಲವು ಪ್ರಯೋಗಗಳಲ್ಲಿ ಕಂಡಿದೆ. ಇವೆರಡನ್ನು ಜೋಡಿಸುವುದರ ಅರ್ಥವೇ ಇದು. ಹಾಗಂತ ಜಾಸ್ತಿ ಹಾಕುವಂತಿಲ್ಲ, ಮೊಸರು ಹಸಿರಾಗಿ ಮೀನಿನ ವಾಸನೆ ಬರುತ್ತದೆ. ನೂರು ಗ್ರಾಂ ಮೊಸರಿಗೆ ಒಂದು ಗ್ರಾಮಿನ ಒಳಗೇ ಇದ್ದರೆ ಸರಿ.

ಈ ಉಣಿಸುವ ಗುಣಕ್ಕೆ 'ಪ್ರಿಬಯೋಟಿಕ್' ಅನ್ನುವವರೂ ಇದ್ದಾರೆ. ಪ್ರೋ, ಪ್ರಿ ಕಿವಿಗೆ ಒಂದೇ ಅಲ್ವಾ? 'ಒಳ್ಳೆ ಬ್ಯಾಕ್ಟೀರಿಯಾ' ಮತ್ತು 'ಅದರ ಮೇವು' ಅಂದರೆ ಹೇಗೆ? ಎಮ್ಮೆ ಸಾಕುವವರಿಗೆ ಮೇವು ವಿವರಿಸಬೇಕಿಲ್ಲ.

ಹೊಟ್ಟೆ ತುಂಬಿಸುವುದರ ಜೊತೆಗೆ ಆರೋಗ್ಯಕ್ಕೂ ಒಳಿತು ಮಾಡುವ ಆಹಾರ, ಅಂದರೆ 'ಫಂಕ್ಷನಲ್ ಫುಡ್'ಗೆ ಸಿಕ್ಕ 'ಕ್ರಿಯಾತ್ಮಕ ಆಹಾರ' ಸುಮ್ನೆ ಕಡತದ ಮಾತು. 'ಆರೋಗ್ಯವರ್ಧಕ' ಟಾನಿಕ್ ಜಾಹೀರಾತಿನಂತಿದೆ, ಆಸೆಯನ್ನೂ ಹುಟ್ಟಿಸುತ್ತದೆ. ಸ್ಪಿರುಲಿನಾದಲ್ಲಿ ಬಿ12 ತುಂಬಿದೆ ಅನ್ನುತ್ತಾರೆ, ಆದರೆ ಅದರ ಹೆಚ್ಚಿನ ಪಾಲು ನಮ್ಮ ದೇಹಕ್ಕೆ ದಕ್ಕದ ರೂಪದ್ದು. ಆಸೆ ಹುಟ್ಟಿಸದ ಪದ ಬೇಕು.

ಯಾದಗಿರಿ, ಬೀದರ್ ಕಡೆಯವರೇ, ಪಾಚಿಗೆ 'ಹಾವಸೆ' ಅನ್ನುವ ಪದ ನಿಮ್ಮಲ್ಲಿ ಈಗಲೂ ಬಳಕೆಯಲ್ಲಿದೆಯಾ? ಬೀದರ್‌ನ ಪಶು ವಿಶ್ವವಿದ್ಯಾಲಯದಲ್ಲಿ ಓದಿದವರಿದ್ದರೆ, ರೈತರ ಮುಂದೆ ಇವಕ್ಕೆಲ್ಲ ಏನನ್ನುತ್ತೀರಿ ಎಂದು ದಯವಿಟ್ಟು ಬರೆಯಿರಿ.