ಗಾಂಜಾ ಹಾನಿ ತಗ್ಗಿಸಲು ಹುಡುಗರದೇ ಕಿರು ವಿಡಿಯೊ: ಹೇಗೆ ಮಾಡುವುದು?

ಪ್ರಶ್ನೆ:
ಬೆಂಗಳೂರಿನಲ್ಲಿ 18ರಿಂದ 24 ವಯಸ್ಸಿನ ಎಂಟು ಜನರ ಗುಂಪು. ಕೆಲವರು ಗಾಂಜಾ ಬಿಟ್ಟಿದ್ದಾರೆ, ಕೆಲವರು ಕಡಿಮೆ ಮಾಡುತ್ತಿದ್ದಾರೆ. ತಮ್ಮ ಅನುಭವವನ್ನು ವಿಡಿಯೊ ಮಾಡಿ ಹಾಸ್ಟೆಲ್‌ಗಳಲ್ಲಿ ತೋರಿಸುವ ಯೋಚನೆ. ಉಪದೇಶ ಬೇಡ. ಸ್ಕ್ರಿಪ್ಟ್ ಎಷ್ಟುದ್ದ ಇರಲಿ? ಕಾನೂನಿನ ತೊಡಕು ಬರುತ್ತದಾ? ನೋಡಿದವರು ಯಾರಾದರೂ ಕುಸಿದರೆ?

ಉತ್ತರ 1:
ಎರಡು ನಿಮಿಷ ಸಾಕು, ಕನ್ನಡದಲ್ಲಿ ಸುಮಾರು 200 ಪದ. ಮೊದಲು ಎಲ್ಲರೂ ದುಂಡಗೆ ಕೂತು ಬಾಯಲ್ಲಿ ಹೇಳಲಿ, ಆಮೇಲೆ ಬರೆಯಲಿ. ‘ನನ್ನ ಬದುಕೇ ಹಾಳಾಯ್ತು’ ಅಂತ ಶುರುವಾದರೆ ತಿದ್ದಿಸಿ. ಇಂಟರ್ನಲ್ಸ್ (ಕಾಲೇಜಿನ ಆಂತರಿಕ ಪರೀಕ್ಷೆ) ದಿನ ಅಲಾರಂ ಹೊಡೆದರೂ ಏಳಲಾಗದ ಬೆಳಗ್ಗೆಯಂಥ ಒಂದೇ ಗಳಿಗೆ ಹಿಡಿಯಲಿ. ದನಿ ಮೊದಲು ರೆಕಾರ್ಡ್ ಮಾಡಿ: ಫ್ಯಾನ್ ಆಫ್, ಫೋನ್ ಬಾಯಿಂದ ಒಂದು ಗೇಣು ದೂರ. ನಂತರ 12–15 ಫೋಟೊ ಜೋಡಿಸಿ. ಹೊಗೆ, ರೋಲಿಂಗ್ ಪೇಪರ್, ಲೈಟರ್ ಯಾವುದೂ ಬೇಡವೇ ಬೇಡ. ಬಿಡಲು ಒದ್ದಾಡುತ್ತಿರುವವರಿಗೆ ಅದನ್ನು ನೋಡಿದರೇ ಆಸೆ ಕೆರಳುತ್ತದೆ.

ಉತ್ತರ 2:
ತೊಡಕು ಖಂಡಿತ ಇದೆ. 1985ರ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಯ 27ನೇ ಕಲಮಿನಡಿ ಸೇದುವುದೂ ಅಪರಾಧವೇ. ಗಾಂಜಾಕ್ಕೆ ಆರು ತಿಂಗಳವರೆಗೆ ಜೈಲು, ಅಥವಾ ₹10,000ದವರೆಗೆ ದಂಡ, ಅಥವಾ ಎರಡೂ. 64ಎ ಕಲಮು ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ತಾವಾಗಿ ಚಿಕಿತ್ಸೆ ಪಡೆಯುವ ವ್ಯಸನಿಗಳಿಗೆ ರಕ್ಷಣೆ ಕೊಡುತ್ತದೆ, ವಿಡಿಯೊದಲ್ಲಿ ಒಪ್ಪಿಕೊಂಡವರಿಗೆಲ್ಲ ಅಲ್ಲ. ಹಾಗಾಗಿ ಮುಖ ಮಸುಕು ಮಾಡಿದರೆ ಸಾಲದು. ದನಿ ಬೇರೆಯವರದಿರಲಿ, ಟ್ಯಾಟೂ, ಹಾಸ್ಟೆಲ್ ಕಿಟಕಿ, ಬೈಕ್ ನಂಬರ್ ತೆಗೆಯಿರಿ. ಫೋಟೊದಲ್ಲಿ ಲೊಕೇಶನ್ ಅಡಗಿರುತ್ತದೆ, ಮೂಲ ಫೈಲ್ ಬದಲು ಸ್ಕ್ರೀನ್‌ಶಾಟ್ ಬಳಸಿ. ಮಾರಿದವರ ಹೆಸರು, ಜಾಗ ಬರಲೇಬಾರದು. ಒಪ್ಪಿಗೆಯನ್ನು ಸ್ಕ್ರಿಪ್ಟ್ ಆದಾಗ, ಎಡಿಟ್ ಮುಗಿದಾಗ, ತೋರಿಸುವ ಮುಂಚೆ, ಹೀಗೆ ಮೂರು ಸಲ ಕೇಳಿ. ಒಮ್ಮೆ ವಾಟ್ಸ್ಆ್ಯಪ್‌ಗೆ ಹೋದದ್ದು ವಾಪಸ್ ಬರುವುದಿಲ್ಲ. ಲಿಂಕ್ ಕೊಡದೆ ಎದುರಿಗೇ ತೋರಿಸುವುದು ಮೇಲು.

ಉತ್ತರ 3:
ವಿಡಿಯೊಕ್ಕಿಂತ ನಂತರದ ಅರ್ಧ ಗಂಟೆಯ ಮಾತೇ ಮುಖ್ಯ. ಗುಂಪಿನವರು ಇಬ್ಬರು ಬೇಕು: ಒಬ್ಬರು ಮಾತಾಡಿಸಲು, ಇನ್ನೊಬ್ಬರು ಸುಮ್ಮನಾದವರ, ಎದ್ದು ಹೋದವರ ಮೇಲೆ ಕಣ್ಣಿಡಲು. ಹುಡುಗರು ಗಟ್ಟಿಯಾಗಿ ಹೇಳಬೇಕಾದದ್ದು: ಹೊಗೆ ಒಳಗೇ ಹಿಡಿದರೆ ನಶೆ ಹೆಚ್ಚುವುದಿಲ್ಲ, ಶ್ವಾಸಕೋಶಕ್ಕೆ ಟಾರು ಇಳಿಯುತ್ತದೆ. ಸಿಗರೇಟಿನ ತಂಬಾಕು ಬೆರೆಸಿದರೆ ನಿಕೋಟಿನ್ ಚಟ ಜೊತೆಗಂಟುತ್ತದೆ. ಗಾಂಜಾ ತಿಂದರೆ ನಶೆ ಏರಲು ಎರಡು ಗಂಟೆಯೂ ಆಗಬಹುದು. ‘ಏನೂ ಆಗ್ಲಿಲ್ಲ’ ಅಂತ ಮತ್ತೆ ತಿನ್ನುವವರೇ ಆಸ್ಪತ್ರೆ ಸೇರುವುದು. ಸೇದಿದ ಮೇಲೆ ಕನಿಷ್ಠ ಆರು ಗಂಟೆ ಬೈಕ್ ಮುಟ್ಟಬಾರದು. ಮನೆಯಲ್ಲಿ ಯಾರಿಗಾದರೂ ಸೈಕೋಸಿಸ್ (ಇಲ್ಲದ್ದು ಕೇಳಿಸುವ, ಕಾಣಿಸುವಂಥ ಮಾನಸಿಕ ಕಾಯಿಲೆ) ಇದ್ದರೆ ಪೂರ್ತಿ ದೂರವಿರುವುದೇ ಸರಿ. ದಿನವೂ ಸೇದುವವರು ನಿಲ್ಲಿಸಿದ ಮೊದಲ ವಾರ ನಿದ್ದೆ ಬರಲ್ಲ, ಸಿಟ್ಟು ಬರುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಮೂರನೇ ರಾತ್ರಿಯೇ ಮತ್ತೆ ಸೇದುತ್ತಾರೆ.

ಪ್ರಶ್ನಿಸಿದವರು:
ಕುಸಿದವರ ವಿಷಯ?

ಉತ್ತರ 3:
ಯಾರೋ ಮಾತಾಡಿದಂತೆ ಕೇಳಿಸುವುದು, ವಿಪರೀತ ಅನುಮಾನ, ಸಾಯುವ ಮಾತು, ಇವು ಕಂಡರೆ ಹುಡುಗರು ತಾವೇ ಸಂಭಾಳಿಸಲು ಹೋಗಬಾರದು. ಜೊತೆಗಿದ್ದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಜೀವಕ್ಕೆ ಅಪಾಯವೆನಿಸಿದರೆ ನೇರ ನಿಮ್ಹಾನ್ಸ್ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಅವತ್ತು ಮಾತಾಡಿಸಿದ ಇಬ್ಬರನ್ನೂ ಮಾರನೇ ದಿನ ಕೂರಿಸಿ ವಿಚಾರಿಸಿ; ಅವರೂ ಇನ್ನೂ ಚೇತರಿಸಿಕೊಳ್ಳುತ್ತಿರುವವರೇ.