ನಾಗರಿಕ ಹಕ್ಕುಗಳನ್ನು ಜನಮತಕ್ಕೆ ಬಿಡಬಹುದೇ?

ಪ್ರಶ್ನೆ: ಕೆಲವರ ಹಕ್ಕನ್ನು ಬಹುಸಂಖ್ಯಾತರ ಮತದಿಂದ ತೀರ್ಮಾನಿಸುವುದು ಪ್ರಜಾಪ್ರಭುತ್ವವೇ? ತಿಳಿದವರು ವಿವರಿಸಬೇಕಾಗಿ ವಿನಂತಿ.

ಮೊದಲ ಉತ್ತರ: ಸ್ವಿಟ್ಜರ್ಲೆಂಡನ್ನೇ ನೋಡಿ. ಮಹಿಳೆಯರಿಗೆ ಮತದಾನದ ಹಕ್ಕು ಕೊಡಬೇಕೇ ಎಂದು 1959ರಲ್ಲಿ ಕೇಳಿದಾಗ ಮತ ಹಾಕಿದವರು ಗಂಡಸರು ಮಾತ್ರ (ಹಕ್ಕು ಯಾರದೋ ಅವರಿಗೇ ಮತವಿರಲಿಲ್ಲ!), ಸುಮಾರು ಮೂರನೇ ಎರಡರಷ್ಟು ಮಂದಿ ಬೇಡವೆಂದರು. ರಾಷ್ಟ್ರಮಟ್ಟದಲ್ಲಿ 1971ರಲ್ಲಿ ಒಪ್ಪಿಗೆ ದೊರೆತರೂ, ಅಪೆನ್‌ಜೆಲ್ ಇನ್ನರ್‌ರೋಡನ್ ಪ್ರಾಂತ್ಯದ ಗಂಡಸರು ಬಯಲಿನಲ್ಲಿ ಸಭೆ ಸೇರಿ, ಕೈಯೆತ್ತಿ, ಸ್ಥಳೀಯ ಮತದಾನದ ಹಕ್ಕನ್ನು ನಿರಾಕರಿಸುತ್ತಲೇ ಬಂದದ್ದರಿಂದ, 1990ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಆದೇಶಿಸಬೇಕಾಯಿತು.

ಎರಡನೆಯ ಉತ್ತರ: ಆದರೆ ಐರ್ಲೆಂಡಿನಲ್ಲಿ 2015ರಲ್ಲಿ ಶೇ. 62ರಷ್ಟು ಮತದಾರರು ಸಲಿಂಗ ವಿವಾಹವನ್ನು ಒಪ್ಪಿದರು. ಹಾಗೆ ಬಂದ ಹಕ್ಕನ್ನು ನ್ಯಾಯಾಧೀಶರು ಹೇರಿದರೆಂದು ಯಾರೂ ದೂರಲಾಗದು.

ಪ್ರಶ್ನಿಸಿದವರು: ನಿಜ. ಆದರೂ ಉಳಿದ ಶೇ. 38ರಷ್ಟು ಮಂದಿಯೇ ಹೆಚ್ಚಾಗಿದ್ದಿದ್ದರೆ, ಆ ಜೋಡಿಗಳು ಇನ್ನೆಷ್ಟು ಚುನಾವಣೆಗಳಿಗೆ ಕಾಯಬೇಕಿತ್ತು?