ಆಂಟಿಬಾಡಿಗೆ ಎನ್‌ಎಚ್‌ಎಸ್ ಡೈ ಅಂಟುತ್ತಿಲ್ಲ, ಬಣ್ಣವೆಲ್ಲ ಕಾಲಮ್‌ನಲ್ಲೇ ಹಿಂದೆ ಉಳಿಯುತ್ತಿದೆ

ಕರಾವಳಿ_ಲ್ಯಾಬ್: ನಮಸ್ಕಾರ. ನಮ್ಮ ಲ್ಯಾಬಿನಲ್ಲಿ ಮುಂದೆ ಎಎವಿ ವೈರಸ್‌ನ ಕವಚಕ್ಕೆ ಸಕ್ಕರೆ ಅಣು ಕೂರಿಸಿ, ಬೇಕಾದ ಜೀವಕೋಶಕ್ಕೇ ಜೀನ್ ತಲುಪಿಸುವ ಕೆಲಸವಿದೆ. ಅದು ದುಬಾರಿ ಸಾಮಾನು, ಮೊದಲು ಆಂಟಿಬಾಡಿ ಮೇಲೆ ಕೈ ಪಳಗಲಿ ಅಂದರು ಗೈಡ್. ಫ್ಲೋರಸೀನ್ ಎನ್‌ಎಚ್‌ಎಸ್ ಎಸ್ಟರ್ (ಪ್ರೋಟೀನ್‌ನ ಅಮೈನ್ ಗುಂಪಿಗೆ ಅಂಟುವ ಹಳದಿ ಡೈ) ಹಾಕಿ ಒಂದು ಗಂಟೆ ಬಿಟ್ಟು, ದೊಡ್ಡ ಅಣುವನ್ನು ಮೊದಲು, ಸಣ್ಣದನ್ನು ಆಮೇಲೆ ಬಿಡುವ ಜಿ-25 ಕಾಲಮ್‌ಗೆ ಇಳಿಸಿದರೆ ಮೊದಲು ಬರುವ ಪ್ರೋಟೀನ್ ಪಟ್ಟಿ ನೀರಿನಂತೆ ಪೇಲವ, ಆಮೇಲೆ ಬರುವ ಬಿಡಿ ಡೈ ಮಾತ್ರ ಗಾಢ ಹಳದಿ. ಮೊದಲೇ ಪಿಬಿಎಸ್‌ಗೆ (ಫಾಸ್ಫೇಟ್ ಉಪ್ಪಿನ ಬಫರ್) ಡಯಾಲಿಸಿಸ್ ಮಾಡಿ, ಅಂದರೆ ಪೊರೆಯ ಮೂಲಕ ಸಣ್ಣ ಅಣುಗಳನ್ನು ತೊಳೆದು ತೆಗೆದಿದ್ದೆ, ಟ್ರಿಸ್ ಬಫರ್ ಇಲ್ಲ. ಡೈ ಜಾಸ್ತಿ ಹಾಕಲಾ?

ಬಫರ್_ಭಟ್ಟ: ಬೇಡ, ಡೈ ಸುರಿಯಬೇಡಿ. ಟ್ರಿಸ್, ಗ್ಲೈಸೀನ್ ಎರಡರಲ್ಲೂ ಅಮೈನ್ ಇದೆ, ಡೈಯನ್ನು ಅವೇ ನುಂಗುತ್ತವೆ, ಆದರೆ ನಿಮ್ಮ ಡಯಾಲಿಸಿಸ್‌ನಲ್ಲಿ ಅವು ಹೋಗಿವೆ. ಆಂಟಿಬಾಡಿ ಜೊತೆ ಕಂಪನಿಯವರು ಬೆರೆಸುವ ಬಿಎಸ್‌ಎ (ದನದ ರಕ್ತದ ಆಲ್ಬುಮಿನ್ ಪ್ರೋಟೀನ್) ಡಯಾಲಿಸಿಸ್‌ನಲ್ಲಿ ಹೋಗಲ್ಲ ನಿಜ, ಆದರೆ ಅದಿದ್ದಿದ್ದರೆ ಅದೇ ಡೈ ಹಿಡಿದು ಮೊದಲ ಪಟ್ಟಿ ಹಳದಿಯಾಗಿ ಬರುತ್ತಿತ್ತು. ಹಾಗಾಗಿ ಅದೂ ಅಲ್ಲ. ಉಳಿದದ್ದು ಮೂರು: ಪಿಎಚ್, ಡೈ ಸತ್ತಿರುವುದು, ಪ್ರೋಟೀನ್ ತೀರಾ ತೆಳ್ಳಗಿರುವುದು. ಪಿಬಿಎಸ್‌ನ ಪಿಎಚ್ 7.4ರಲ್ಲಿ ಲೈಸೀನ್‌ನ (ಪ್ರೋಟೀನ್‌ನಲ್ಲಿರುವ ಒಂದು ಅಮೈನೋ ಆಮ್ಲ) ಅಮೈನ್‌ಗಳು ಬಹುಪಾಲು ಪ್ರೋಟಾನ್ ಹೊತ್ತು ಕೂತಿರುತ್ತವೆ, ಡೈ ಹಿಡಿಯಲ್ಲ. ಒಂಬತ್ತು ಪಾಲು ಪ್ರೋಟೀನ್‌ಗೆ ಒಂದು ಪಾಲು 1 ಮೋಲಾರ್ ಸೋಡಿಯಂ ಬೈಕಾರ್ಬೊನೇಟ್ ಬೆರೆಸಿ ಪಿಎಚ್ 8.3ರ ಹತ್ತಿರ ತನ್ನಿ. ಇನ್ನೂ ಮೇಲೆ ಒಯ್ದರೆ ಬೇಗ ಅಂಟುತ್ತೆ ಅಂದುಕೊಳ್ಳಬೇಡಿ. ಪಿಎಚ್ ಏರಿದ ಹಾಗೆ ಎಸ್ಟರ್ ನೀರಿಗೇ ಒಡೆಯುತ್ತದೆ: ಪಿಎಚ್ 7, 0 ಡಿಗ್ರಿಯಲ್ಲಿ ಅದರ ಅರ್ಧಾಯುಷ್ಯ 4–5 ಗಂಟೆ, 8.6ಕ್ಕೆ ಹೋದರೆ 4 ಡಿಗ್ರಿಯಲ್ಲೂ ಬರೀ 10 ನಿಮಿಷ.

ಪಿಪೆಟ್_ಪುಟ್ಟಿ: ಡೈ ಸೀಸೆಯನ್ನು ಫ್ರೀಜರ್‌ನಿಂದ ತೆಗೆದ ಕೂಡಲೇ ಮುಚ್ಚಳ ಬಿಚ್ಚುತ್ತೀರಾ? ಮಳೆಗಾಲದಲ್ಲಿ ನಮ್ಮ ಕಡೆ ಸೀಸೆಯ ಹೊರಗೆಲ್ಲ ಬೆವರು ಬರುತ್ತೆ, ಒಳಗೂ ಹಾಗೇ. ರೂಮಿನ ಬಿಸಿಗೆ ಬಂದ ಮೇಲೆ ತೆರೆಯಿರಿ. ಡೈ ಕರಗಿಸುವ ಡಿಎಂಎಸ್‌ಒ ದ್ರಾವಕ ಕೂಡ ನೀರಿಲ್ಲದ್ದೇ ಇರಲಿ, ಅದು ಗಾಳಿಯ ನೀರನ್ನು ಸುಮ್ನೆ ಹೀರಿಕೊಳ್ಳುತ್ತೆ. ಕರಗಿಸಿದ ಡೈಯನ್ನು ಮುಂದಿನ ವಾರಕ್ಕೆ ಎತ್ತಿಡಬೇಡಿ.

ಬಫರ್_ಭಟ್ಟ: ಇದನ್ನೂ ಮಾಡಿ. ಪಕ್ಕದ ಟ್ಯೂಬಿನಲ್ಲಿ ಅದೇ ಬಫರ್, ಅದೇ ಡೈ, ಪ್ರೋಟೀನ್ ಮಾತ್ರ ಬಿಎಸ್‌ಎ, ಮಿಲಿಗೆ 2 ಮಿಲಿಗ್ರಾಂ. ಅದೂ ಪೇಲವ ಬಂದರೆ ತಪ್ಪು ಡೈಯದ್ದು ಇಲ್ಲವೇ ಬಫರಿನದ್ದು.

ಕರಾವಳಿ_ಲ್ಯಾಬ್: ಬೈಕಾರ್ಬೊನೇಟ್ ಹಾಕಿ ಮಾಡಿದೆ. ಬಿಎಸ್‌ಎ ಪಟ್ಟಿ ಚೆನ್ನಾಗಿ ಹಳದಿ ಬಂತು. ಆಂಟಿಬಾಡಿ ಮಾತ್ರ ಹಿಂದಿನದಕ್ಕಿಂತ ಒಂಚೂರು ಹಳದಿ, ಅಷ್ಟೇ. 280 ನ್ಯಾನೋಮೀಟರ್ ಬೆಳಕಿನಲ್ಲಿ (ಪ್ರೋಟೀನ್ ಹೀರುವ ಬೆಳಕು) ಅಳೆದರೆ ಆಂಟಿಬಾಡಿ ಮಿಲಿಗೆ 0.4 ಮಿಲಿಗ್ರಾಂ ಇದೆ.

ಬಫರ್_ಭಟ್ಟ: ಸಿಕ್ಕಿತಲ್ಲ. ಇಷ್ಟು ತೆಳುವಾದರೆ ಡೈಗೆ ಪ್ರೋಟೀನ್ ಸಿಗುವ ಮೊದಲೇ ನೀರು ಸಿಗುತ್ತೆ. 30 ಸಾವಿರ ಡಾಲ್ಟನ್ನಿನ ಸ್ಪಿನ್ ಫಿಲ್ಟರ್‌ನಲ್ಲಿ ಗಟ್ಟಿ ಮಾಡಿ, ಮಿಲಿಗೆ 2 ಮಿಲಿಗ್ರಾಂ ಬರಲಿ. ಆಮೇಲೆ ಒಂದು ಆಂಟಿಬಾಡಿಗೆ ಎಷ್ಟು ಡೈ ಕೂತಿದೆ ಅಂತ ಲೆಕ್ಕ ಹಾಕುವಾಗ, ಫ್ಲೋರಸೀನ್ ಕೂಡ 280ರಲ್ಲಿ ಬೆಳಕು ಹೀರುತ್ತದೆ ಅನ್ನೋದು ನೆನಪಿರಲಿ. ಡೈಯನ್ನು ಅಳೆಯುವ 494 ನ್ಯಾನೋಮೀಟರ್ ರೀಡಿಂಗ್‌ನ ಸುಮಾರು 0.3 ಪಾಲನ್ನು 280ರದ್ದರಿಂದ ಕಳೆಯಿರಿ, ಇಲ್ಲದಿದ್ದರೆ ಪ್ರೋಟೀನ್ ಜಾಸ್ತಿ ಇದ್ದಂತೆ ಕಾಣುತ್ತೆ.

ಪಿಪೆಟ್_ಪುಟ್ಟಿ: ಹಳದಿ ಬಂತು ಅಂತ ಅಲ್ಲಿಗೇ ನಿಲ್ಲಿಸಬೇಡಿ. ಡೈ ಹೆಚ್ಚಾದರೆ ಬೆಳಕು ತಾನೇ ಮಂಕಾಗುತ್ತೆ, ಆಂಟಿಜೆನ್ ಹಿಡಿಯುವ ಜಾಗದ ಲೈಸೀನ್‌ಗೆ ಕೂತರೆ ಆಂಟಿಬಾಡಿ ಕೆಲಸವನ್ನೇ ಮರೆಯುತ್ತೆ. ಎಲೈಸಾದಲ್ಲಿ (ಆಂಟಿಬಾಡಿ ಆಂಟಿಜೆನ್ ಹಿಡಿಯುತ್ತಾ ಅಂತ ನೋಡುವ ಪರೀಕ್ಷೆ) ಡೈ ಹಾಕದ ಆಂಟಿಬಾಡಿಯನ್ನೂ ಪಕ್ಕಕ್ಕಿಟ್ಟು ನೋಡಿ. ಎಎವಿಗೆ ಹೋದಾಗಲೂ ಇದೇ ಗಲಾಟೆ, ಅಲ್ವಾ? ಕವಚದಲ್ಲಿ 60 ಪ್ರೋಟೀನ್, ಲೈಸೀನ್ ಎಲ್ಲೆಲ್ಲೋ. ಸಕ್ಕರೆ ಎಷ್ಟು ಅಂಟಿತು ಅನ್ನುವುದಕ್ಕಿಂತ ಒಳಗಿನ ಜೀನ್ ಕೋಶದಲ್ಲಿ ಇನ್ನೂ ಕೆಲಸ ಮಾಡುತ್ತಾ ಅನ್ನುವುದೇ ಅಲ್ಲಿ ಮುಖ್ಯ.

ಕರಾವಳಿ_ಲ್ಯಾಬ್: ಫಿಲ್ಟರ್ ಇದೆ, ಬಿಎಸ್‌ಎ ಟ್ಯೂಬ್ ಮತ್ತೆ ಜೊತೆಗಿಟ್ಟೇ ಓಡಿಸುತ್ತೇನೆ. ಎಲೈಸಾ ರೀಡಿಂಗ್ ಬಂದ ಮೇಲೆ ಇಲ್ಲೇ ಹಾಕುತ್ತೇನೆ.